ಜೋಕಾಲಿಯ ಮೇಲಿನ ಸಸಿಗಳು

ಈ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಣಹಾಕಿದ ಸೀರೆಗಳ ಬಗ್ಗೆ. ಅವು ಯಾಕೆ ಹೀಗೆ ಗೋಡೆಯ ಮೇಲೆ ಬರೆದ ಚಿತ್ರದಂತೆ ನಿಂತುಬಿಟ್ಟಿವೆ ಎನ್ನುತ್ತಾರೆ. ಸೀರೆ ಮತ್ತೆ ಹೇಗಿರಬೇಕು ಎಂದು ನಮಗೆ ತಿಳಿಯುವುದಿಲ್ಲ. ಇಲ್ಲೂ, ನಾವು ಹೆಣ್ಣು ಕೊಟ್ಟು ತರುವ ಸುತ್ತಲಿನ ಊರುಗಳಲ್ಲೂ ಗಾಳಿ ಬೀಸುವುದಿಲ್ಲ. ಒಲೆಯ ಹೊಗೆ ನೂಲು ಹಿಡಿದಂತೆ ನೆಟ್ಟಗೆ ಮೇಲೇರುತ್ತದೆ. ಬೇವಿನ ಎಲೆ ಉದುರಿದರೆ ತನ್ನ ಮರದ ಬುಡಕ್ಕೇ ಬೀಳುತ್ತದೆ. ಒಬ್ಬರ ಮನೆಯ ಒಗ್ಗರಣೆಯ ವಾಸನೆ ಪಕ್ಕದ ಮನೆಗೆ ತಲುಪಬೇಕಾದರೆ ಯಾರಾದರೂ ಸೆರಗಿನಲ್ಲಿ ಹೊತ್ತು ಒಯ್ಯಬೇಕು. ಜೋಳ ತೂರುವ ದಿನ ಕಣದಲ್ಲಿ ತೂರುವವರಿಗಿಂತ ಬೀಸಣಿಗೆ ಹಿಡಿದು ನಿಂತವರೇ ಹೆಚ್ಚು. ಹೊರಗಿನವರಿಗೆ ಇದು ಕಷ್ಟವೆನಿಸುತ್ತದೆ. ನಮಗೆ ನಮ್ಮ ಗಾಳಿಯನ್ನು ನಾವೇ ಮಾಡಿಕೊಳ್ಳುವುದು ರೊಟ್ಟಿ ಬಡಿದುಕೊಂಡಷ್ಟೇ ಸಹಜ.

ಮಾಡಿದ ಗಾಳಿ ಯಾರಿಗೆ ಸಲ್ಲಬೇಕು ಎಂಬುದಕ್ಕೆ ಮಾತ್ರ ಕಟ್ಟುಪಾಡಿದೆ. ಅದು ಕಿರಿಯರಿಂದ ಹಿರಿಯರಿಗೆ ಹೋಗಬೇಕು. ಸೊಸೆ ಅತ್ತೆಗೆ ಬೀಸುತ್ತಾಳೆ, ಹೆಂಡತಿ ಗಂಡನಿಗೆ, ಮಗ ಅಪ್ಪನಿಗೆ. ಹಿರಿಯರು ಕಿರಿಯರಿಗೆ ಬೀಸಿದರೆ ಕಿರಿಯರ ಆಯುಷ್ಯ ದೀಪದ ಕುಡಿಯಂತೆ ಆರುತ್ತದೆ ಎಂಬ ನಂಬಿಕೆ. ಹೀಗಾಗಿ ಮನೆಗೆ ಬಂದ ಸೊಸೆಗೆ ಗಾಳಿ ಹಾಕುವವರು ಯಾರೂ ಇರುವುದಿಲ್ಲ. ಅವಳಿಗಿರುವುದು ಜೋಕಾಲಿ. ಅದರ ಮಣೆಯ ಮೇಲೆ ಕೂತು ಕಾಲಿನಿಂದ ನೆಲ ಒದ್ದರೆ ಸಾಕು, ಯಾರ ಋಣವೂ ಇಲ್ಲದೆ ಮುಖಕ್ಕೆ ಗಾಳಿ ತಾಗುತ್ತದೆ. ಒಬ್ಬರ ಜೋಕಾಲಿಯ ಮೇಲೆ ಇನ್ನೊಬ್ಬರು ಕೂರುವುದಿಲ್ಲ. ಅದರ ಹಗ್ಗವನ್ನು ತವರಿನಿಂದ ತರಬೇಕು. ಆ ಹಗ್ಗವೂ ತಾಯಿ ತನ್ನ ಕೈಯಾರೆ ಬೆಳೆಸಿದ ಭಂಗಿಯ ನಾರಿನದೇ ಆಗಿರಬೇಕು. ಸೊಪ್ಪು ಸಾಧುಗಳಿಗೆ, ನಾರು ಹೆಣ್ಣುಮಕ್ಕಳಿಗೆ ಎಂದು ನಮ್ಮಲ್ಲೊಂದು ಗಾದೆ.

ನಾನು ಹಗ್ಗವಿಲ್ಲದೆ ಬಂದವಳು. ನನ್ನ ಮದುವೆಯ ವರ್ಷ ಅವ್ವನ ಸಸಿಗಳೆಲ್ಲ ಬುಡಕೊಳೆ ಬಂದು ಸತ್ತವು. ಬಂಡಿ ಹತ್ತಿಸುವಾಗ ಅವ್ವ ನನ್ನ ಕಿವಿಯಲ್ಲಿ ಹೇಳಿದ್ದಳು: "ಕಾಶವ್ವಾ, ಸಾವಕಾಶ ನಡೀಬ್ಯಾಡ. ಜೋರಾಗಿ ನಡಿ. ಅಷ್ಟರ ಗಾಳಿ ಸಿಗತೈತಿ." ನಮ್ಮೂರಿನಲ್ಲಿ ಬಿರಬಿರನೆ ನಡೆಯುವ ಹೆಂಗಸನ್ನು ಕಂಡರೆ ಅವಳಿಗೆ ಜೋಕಾಲಿ ಇಲ್ಲವೆಂದೇ ತಿಳಿಯಬೇಕು. ನಾನು ಬಾವಿಯಿಂದ ತುಂಬಿದ ಕೊಡ ಹೊತ್ತು ಹೆಚ್ಚುಕಡಿಮೆ ಓಡುತ್ತಲೇ ಬರುತ್ತಿದ್ದೆ. ಹೊಸ್ತಿಲು ದಾಟುವಷ್ಟರಲ್ಲಿ ರವಿಕೆ ತೊಯ್ದಿರುತ್ತಿತ್ತು. ಪಡಸಾಲೆಯಲ್ಲಿ ತಮ್ಮ ಜೋಕಾಲಿಯ ಮೇಲೆ ಕೂತ ಅತ್ತೆ ಗುರಸಿದ್ದವ್ವ ದಿನಾ ಒಂದೇ ಮಾತು ಅನ್ನುತ್ತಿದ್ದರು: "ಅರ್ಧ ಕೊಡ ದಾರಿಗೇ ಕುಡಿಸಿ ಬಂದ್ಯಾ? ನಿನ್ನ ಬೆನ್ನ ಹಿಂದ ಏನು ಹುಲಿ ಬಂದಿತ್ತೇನ?" ಮಧ್ಯಾಹ್ನ ಉಂಡು ಮಲಗಿದ ಗಂಡನಿಗೆ ಬೀಸಣಿಗೆ ಬೀಸುತ್ತ, ಆ ಕೊಡದ ಓಟದಲ್ಲಿ ಕೆನ್ನೆಗೆ ತಾಗಿದ್ದನ್ನು ನೆನೆಯುತ್ತಿದ್ದೆ. ಕೈ ಬೀಸುತ್ತಿರುವಾಗ ಮನಸ್ಸು ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದೊಂದು ಸುಖ.

ಮಗಳು ಕಸ್ತೂರಿಯ ಸಂಬಂಧ ಕುದುರಿದ ಮೇಲೆ ನನ್ನ ತಲೆಯಲ್ಲಿ ಕೂತದ್ದು ಒಂದೇ ವಿಚಾರ. ಇವಳು ಓಡಬಾರದು. ಹೋದ ವರ್ಷ ಹಾಕಿದ ಬೀಜವೆಲ್ಲ ಮೊಳೆತು ಸತ್ತಿತ್ತು. ಈ ಸಲ ಉಳಿದಿದ್ದದ್ದು ಬಟ್ಟೆಯ ಗಂಟಿನಲ್ಲಿದ್ದ ಕೊನೆಯ ಹಿಡಿ ಬೀಜ. ಕೇಳಿ ತರೋಣವೆಂದರೆ ಯಾರ ಮನೆಯಲ್ಲೂ ಹೆಚ್ಚಿಗೆ ಇರಲಿಲ್ಲ. ಗಾಳಿಯಿಲ್ಲದ ಊರಲ್ಲಿ ಗಂಡು ಗಿಡದ ಧೂಳು ಹೆಣ್ಣು ಗಿಡಕ್ಕೆ ತಾನಾಗಿ ಹೋಗುವುದಿಲ್ಲ. ಹೂವಿನ ಕಾಲಕ್ಕೆ ನಾವೇ ಗೊಂಚಲು ಹಿಡಿದು ಕೊಡವಬೇಕು. ಅಷ್ಟು ಮಾಡಿದರೂ ಬೀಜ ಕಟ್ಟುವುದು ಅಷ್ಟಕ್ಕಷ್ಟೆ.

"ಈ ಸಲನೂ ಕೊಳತ್ರ ಏನ್ ಮಾಡ್ತೀಯವ್ವಾ?" ಎಂದಳು ಕಸ್ತೂರಿ, ಬೀಜ ನೆನೆಹಾಕುವಾಗ.

"ಕೊಳ್ಯಾಕ ಬಿಡೂದಿಲ್ಲ."

"ಕೊಳತ್ರ ನಾ ಹೋಗೂದಿಲ್ಲ ನೋಡು. ಇಲ್ಲೇ ಇದ್ದು ಮುದುಕಿ ಆಗಿ ನಿನಗ ಬೀಸಿಕೋತ ಕುಂದರತೀನಿ."

"ನನಗ ಬೀಸಾಕ ಯಾರೂ ಇಲ್ಲ, ಅದಕ್ಕ ಆಸಿ ಹುಟ್ಟಸ್ತೀ ಏನ?" ಎಂದು ನಕ್ಕೆ. ಅವಳು ನಗಲಿಲ್ಲ.

ಹೋದ ವರ್ಷ ಸತ್ತ ಸಸಿಗಳನ್ನು ನಾನು ಗಮನವಿಟ್ಟು ನೋಡಿದ್ದೆ. ಎಲೆ ಹಸಿರಾಗೇ ಇರುತ್ತದೆ, ಮಣ್ಣು ಮುಟ್ಟುವ ಜಾಗದಲ್ಲಿ ಮಾತ್ರ ದಂಟು ಕಂದಿ ದಾರದಷ್ಟು ಸಣ್ಣಗಾಗಿ, ಸಸಿ ನಿದ್ದೆ ಬಂದಂತೆ ಅಡ್ಡ ಒರಗುತ್ತದೆ. ಸುತ್ತ ಮಣ್ಣಿನ ಮೇಲೆ ಜೇಡರ ಬಲೆಯಂಥ ಬಿಳಿ ಬೂಷ್ಟು. ಮೇಲಿನಿಂದ ಬಂದ ಸಾವಲ್ಲ ಅದು, ಬುಡದ ಒದ್ದೆಯಿಂದ ಬಂದದ್ದು. ಹಾಗಾಗಿ ಈ ಸಲ ತೂತಿಲ್ಲದ ಮಣ್ಣಿನ ಬೋಗುಣಿಗಳನ್ನು ಅಟ್ಟಕ್ಕೆ ಎಸೆದು ಬಿದಿರಿನ ಅಗಲ ಬುಟ್ಟಿಗಳನ್ನು ತಂದೆ. ಹಳೆಯ ಮಣ್ಣನ್ನು ಮುಟ್ಟಲಿಲ್ಲ. ಹೊಸ ಮಣ್ಣಿಗೆ ಹಳ್ಳದ ಮರಳು ಬೆರೆಸಿ, ರೊಟ್ಟಿ ಹಂಚಿನ ಮೇಲೆ ಹಾಕಿ, ಹಬೆಯಾಡುವವರೆಗೆ ಕಾಯಿಸಿದೆ.

ಪಕ್ಕದ ಮನೆಯ ತಂಗೆವ್ವ ಬಾಗಿಲಲ್ಲಿ ಇಣುಕಿದಳು. ಅವಳು ನನ್ನ ವಾರಿಗೆಯವಳೇ. ಎಲ್ಲರ ಒಲೆಯ ಮೇಲೆ ಏನಿದೆ ಎಂಬುದು ಅವಳಿಗೆ ಗೊತ್ತಿರಬೇಕು. "ಏನ್ ಕಾಶವ್ವಾ, ಜೋಳ ತೀರಿತೇನ? ಮಣ್ಣು ಹುರದು ಹಿಟ್ಟು ಮಾಡಾಕತ್ತಿ?"

"ಹೂಂ. ಬೀಗರು ಬರತಾರಲ್ಲ, ಉಂಡಿ ಕಟ್ಟಾಕ."

"ನಿನ್ನ ಬೀಗತಿ ತಿಂದಾಳು ಬಿಡು. ಹಗ್ಗ ಇಲ್ದಿದ್ರ ನಿಮ್ಮನ್ನೂ ಸೇರಿಸಿ ತಿಂತಾಳು." ಹೇಳಿ, ತಮಾಷೆ ಹೆಚ್ಚಾಯಿತೆನಿಸಿ, ತಾನೇ ಒಂದು ಬುಟ್ಟಿ ಎತ್ತಿ ಒಳಗಿಟ್ಟಳು. ಅವಳಿಗೂ ಹೆಣ್ಣುಮಕ್ಕಳಿದ್ದಾರೆ.

ಅಂಗಳದಲ್ಲಿ ಬಿಸಿಲು ಕದಲದೆ ಕೂತಿರುವುದರಿಂದ ಎಳೆಯ ಸಸಿ ಅಲ್ಲಿ ಬೇಯುತ್ತದೆ. ಗೇಣುದ್ದ ಆಗುವವರೆಗೆ ಒಳಕೋಣೆಯಲ್ಲೇ ಬೆಳೆಸಬೇಕು. ಬೀಜಗಳನ್ನು ಒತ್ತಾಗಿ ಚೆಲ್ಲದೆ ದೂರ ದೂರ ಊರಿದೆ. ಮೇಲಿನಿಂದ ನೀರು ಸುರಿಯದೆ, ಬುಟ್ಟಿಯನ್ನು ನೀರು ತುಂಬಿದ ಅಗಲ ಪರಾತದಲ್ಲಿ ತುಸು ಹೊತ್ತು ಇಟ್ಟು, ಬುಡದಿಂದ ಬೇಕಾದಷ್ಟನ್ನು ತಾನೇ ಕುಡಿಯಲೆಂದು ಬಿಟ್ಟು ತೆಗೆಯುತ್ತಿದ್ದೆ. ಒಂದು ಬುಟ್ಟಿಗೆ ಕೋಣೆಯ ಹಲಗೆಯ ಮೇಲೆ ಜಾಗ ಸಾಲದೆ, ಪಡಸಾಲೆಗೆ ತೆರೆಯುವ ಬಾಗಿಲ ಹೊಸ್ತಿಲ ಬಳಿ ಇಟ್ಟೆ. ಮೊಳಕೆ ಬಂತು. ಜೋಡಿ ಎಲೆಗಳು ಕೈಮುಗಿದು ಮೇಲೆದ್ದವು. ಕಸ್ತೂರಿ ದಿನಕ್ಕೆ ಹತ್ತು ಸಲ ಹೋಗಿ ನೋಡಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ಒಳಕೋಣೆಗೆ ಹೋದರೆ ಅತ್ತೆ ತಂಬಿಗೆ ಹಿಡಿದು ನಿಂತಿದ್ದರು. ಬುಟ್ಟಿಗಳ ಮಣ್ಣು ಕರಿ ಕೆಸರಾಗಿತ್ತು.

"ಅತ್ತೀ, ನೀರು ಹಾಕಬ್ಯಾಡ್ರೀ ಅಂದಿದ್ದೆ."

"ನೀ ಹಾಕೂದಿಲ್ಲ, ನಾ ಹಾಕಬ್ಯಾಡಾ? ಹಸುಗೂಸು ಬಾಯಿ ಒಣಗಸ್ಕೊಂಡು ನಿಂತಾವ. ನೋಡಿಕೋತ ಕುಂದರಲೇನ?"

"ಕೂಸಿಗೆ ಹಾಲು ಕುಡಸ್ತೀವ್ರಿ. ಹಾಲಿನ ಕೊಡದಾಗ ಮುಳಗಸ್ತೀವೇನ್ರಿ?"

ಅವರು ತಂಬಿಗೆಯನ್ನು ನೆಲಕ್ಕೆ ಕುಕ್ಕಿ ಹೋದರು. ನನಗೆ ಸಿಟ್ಟು ಬಂದಿದ್ದು ನಿಜ, ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಮಂಡಿ ನೋವಿನಲ್ಲಿ ಬಗ್ಗಿ, ಒಂದೊಂದಕ್ಕೂ ನೀರೆರೆದಿದ್ದರಲ್ಲ. ಮೊಮ್ಮಗಳ ಹಗ್ಗವೆಂದೇ ಎರೆದಿದ್ದರು. ನಮ್ಮ ಹೆಂಗಸರಿಗೆ ಅಕ್ಕರೆ ತೋರಿಸಲು ಗೊತ್ತಿರುವುದು ಒಂದೇ ಬಗೆ, ತುಂಬ ಸುರಿಯುವುದು. ನನ್ನ ಅವ್ವನೂ ಹಾಗೇ ಸುರಿದಿದ್ದಳು.

ಮಾರನೆಯ ದಿನವೇ ಮೂಲೆಯ ಬುಟ್ಟಿಯಲ್ಲಿ ಒಂದು ಕಡೆ ಸಸಿಗಳು ಒರಗಿದವು. ಅದರ ಮರುದಿನ ಪಕ್ಕದ್ದು. ಒರಗಿದವನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಿಂದ ಬಗೆದು ದೂರ ಎಸೆದೆ, ಆ ಗುಳಿಗಳಿಗೆ ಕುಳ್ಳಿನ ಬೂದಿ ತುಂಬಿದೆ, ನೀರು ಪೂರಾ ನಿಲ್ಲಿಸಿದೆ. ಆದರೂ ಕೋಣೆಯ ಒದ್ದೆ ಆರಲೇ ಇಲ್ಲ. ಗೋಡೆ ಮುಟ್ಟಿದರೆ ಕೈಗೆ ತಂಪು ಅಂಟುತ್ತಿತ್ತು. ಒದ್ದೆ ಎದ್ದು ಹೋಗಲು ಅದಕ್ಕೆ ಕಾಲು ಬೇಕಲ್ಲ.

ಕಸ್ತೂರಿ ಬಾಗಿಲಲ್ಲಿ ಕೂತು ಸತ್ತವನ್ನು ಎಣಿಸುವುದನ್ನೂ ಬಿಟ್ಟಿದ್ದಳು. "ಅವ್ವಾ," ಎಂದಳು, "ಇದೊಂದು ಬುಟ್ಟಿ ಯಾಕ ಹಿಂಗ ನಿಂತೈತಿ? ಆಯಿ ಇದಕ್ಕೂ ನೀರು ಹಾಕಿದ್ಲಲ್ಲ."

ಹೊಸ್ತಿಲ ಬಳಿಯ ಬುಟ್ಟಿ. ಅದರಲ್ಲಿ ಒಂದೂ ಒರಗಿರಲಿಲ್ಲ. ಮಣ್ಣಿನ ಮೇಲ್ಮೈ ಒಣಗಿ ಬಣ್ಣ ತಿಳಿಯಾಗಿತ್ತು, ದಂಟುಗಳು ಗಿಡ್ಡಗೆ, ದಪ್ಪಗೆ ನಿಂತು, ಗರಗಸದಂಥ ಮೊದಲ ಎಲೆ ಬಿಚ್ಚಿದ್ದವು. ಅದೇ ಬೀಜ, ಅದೇ ಮಣ್ಣು, ಅದೇ ತಂಬಿಗೆಯ ನೀರು. ನಾನು ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ ಜೋಕಾಲಿಯ ಮೇಲಿದ್ದರು. ಮಣೆ ಹಿಂದಕ್ಕೆ ಬಂತು, ನನ್ನ ಕಿವಿಯ ಬಳಿಯ ಕೂದಲು ಎದ್ದಿತು. ಮುಂದಕ್ಕೆ ಹೋಯಿತು, ಕೂದಲು ಕೂತಿತು. ಬುಟ್ಟಿಯ ಸಸಿಗಳೂ ನನ್ನ ಕೂದಲಿನ ಜೊತೆಗೇ ಹೌದು ಹೌದು ಎಂಬಂತೆ ತಲೆಯಾಡಿಸುತ್ತಿದ್ದವು. ಇಷ್ಟು ವರ್ಷ ಈ ಮನೆಯಲ್ಲಿದ್ದು ನಾನು ಆ ಹೊಸ್ತಿಲಲ್ಲಿ ಒಂದು ಗಳಿಗೆಯೂ ಕೂತಿರಲಿಲ್ಲ. ದಾಟಿ ಓಡಾಡಿದ್ದೆ ಅಷ್ಟೆ.

ಕೂಡಲೇ ಬೀಸಣಿಗೆ ತಂದು ಮೂಲೆಯ ಬುಟ್ಟಿಯ ಮುಂದೆ ಕೂತೆ. ಎರಡು ಸಲ ಬೀಸಿದ್ದೆನೋ ಇಲ್ಲವೋ, ಜೋಕಾಲಿಯ ಕೊಂಡಿ ಕಿರ್ರೆಂದು ನಿಂತಿತು.

"ಕೈ ತಗಿ!" ಅತ್ತೆ ಗೋಡೆ ಹಿಡಿದು ಬಂದಿದ್ದರು. "ಎಳೇ ಜೀವಕ್ಕ ಬೀಸಾಕತ್ತೀಯಾ? ಇರೂವಷ್ಟು ಆಯುಷ್ಯನೂ ಹಾರಿಸಿ ಬಿಡು. ನನ್ನ ಮೊಮ್ಮಗಳ ಹಗ್ಗ ಅದು!"

"ಅದಕ್ಕಽ ಬೀಸಾಕತ್ತೀನ್ರಿ. ಬಾಗಲದಾಗಿನ ಬುಟ್ಟಿ ನೋಡ್ರಿ. ನಿಮ್ಮ ಜೋಕಾಲಿ ಗಾಳೀಗೆ ಬದುಕೈತಿ."

"ನಾ ಏನು ಅದಕ್ಕ ಬೀಸಿಲ್ಲ."

"ಬೀಸಿಲ್ರಿ. ನೀವು ತೂಗಿಕೊಂಡ್ರಿ, ಅದಕ್ಕ ಸಿಕ್ಕಿತು."

ಅತ್ತೆ ಬಗ್ಗಿ ಹೊಸ್ತಿಲ ಬುಟ್ಟಿಯನ್ನು ನೋಡಿದರು. ಒಂದು ಸಸಿಯ ದಂಟನ್ನು ಬೆರಳಿನಿಂದ ಮುಟ್ಟಿದರು. ಆದರೆ ಹಾಗೆಲ್ಲ ಸೋಲುವವರಲ್ಲ. "ಬೀಸಿದ್ರ ನನ್ನ ಹೆಣದ ಮ್ಯಾಲ ಬೀಸು," ಎಂದು ಬೀಸಣಿಗೆ ಕಿತ್ತುಕೊಂಡು ಹೋದರು.

ಬೀಸುವಂತಿಲ್ಲ. ಉಳಿದ ಬುಟ್ಟಿಗಳನ್ನೆಲ್ಲ ಹೊಸ್ತಿಲಿಗೆ ತರಲು ಅಲ್ಲಿ ಜಾಗವಿಲ್ಲ, ಜೋಕಾಲಿಯ ಗಾಳಿ ಎರಡು ಮಾರು ದಾಟುವುದಿಲ್ಲ. ಆ ಮಧ್ಯಾಹ್ನ ಗಂಡನಿಗೆ ಬೀಸುತ್ತ ಕೂತಾಗ ನನ್ನ ಮನಸ್ಸು ಬಾವಿಯ ದಾರಿಗೆ ಹೋಯಿತು. ನನಗೆ ಯಾರು ಬೀಸಿದ್ದರು? ಗಾಳಿ ನನ್ನತ್ತ ಬರಲಿಲ್ಲವೆಂದು ನಾನೇ ಓಡಿದ್ದೆ. ಸಸಿಗೆ ಓಡಲು ಬರುವುದಿಲ್ಲ. ಆದರೆ ಅದನ್ನು ಕೂರಿಸಿಕೊಂಡು ಓಡುವಂಥದ್ದು ಮನೆಯಲ್ಲೇ ಇತ್ತು. ನನ್ನ ಕೈ ನಿಂತಿತ್ತೆಂದು ಗಂಡ ಬಾಳಪ್ಪ ಕಣ್ಣು ತೆರೆದ.

"ಯಾಕ, ಕೈ ಸೋತೂ ಏನ?"

"ಇಲ್ರಿ. ನೀವು ಸ್ವಲ್ಪ ಬೆವರ್ರಿ. ನನಗ ಕೆಲಸ ಐತಿ," ಎಂದು ಎದ್ದುಬಿಟ್ಟೆ. ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಮದುವೆಯಾದ ಮೇಲೆ ಅವನ ನಿದ್ದೆ ಮುಗಿಯುವ ಮೊದಲು ನಾನು ಎದ್ದದ್ದು ಅದೇ ಮೊದಲು.

ಪಡಸಾಲೆಗೆ ಹೋಗಿ ಅತ್ತೆಯ ಎದುರು ನಿಂತು ಕೇಳಿದೆ. "ಅತ್ತೀ, ತೊಟ್ಟಿಲದಾಗ ಕೂಸು ಹಾಕಿ ತೂಗ್ತೀವಲ್ರಿ, ಅದು ಬೀಸಿದಂಗೇನ್ರಿ?"

"ಹುಚ್ಚೀ. ತೂಗೂದು ಬ್ಯಾರೆ, ಬೀಸೂದು ಬ್ಯಾರೆ."

"ಹಂಗಾದ್ರ ಬುಟ್ಟಿ ತೂಗತೀನಿ. ನಿಮ್ಮ ಜೋಕಾಲಿ ಕೊಡ್ರಿ."

ಅಡಿಗೆಮನೆಯಲ್ಲಿ ಕಸ್ತೂರಿಯ ಪಾತ್ರೆಯ ಸದ್ದು ನಿಂತಿತು. ಗುರಸಿದ್ದವ್ವ ಎರಡೂ ಕೈಗಳಿಂದ ಹಗ್ಗ ಹಿಡಿದುಕೊಂಡರು. ಆ ಹಗ್ಗ ಅವರ ತಾಯಿ ಹೊಸೆದದ್ದು. ಅಂಗೈ ತಾಗುವ ಜಾಗದಲ್ಲಿ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಮನೆಯಲ್ಲಿ ಅವರ ಅತ್ತೆ ಸತ್ತದ್ದು, ಮಾವ ಸತ್ತದ್ದು, ಗಂಡ ಹೋದದ್ದು, ಎಲ್ಲವನ್ನೂ ಅವರು ಆ ಮಣೆಯ ಮೇಲೆ ಕೂತೇ ಸಹಿಸಿದ್ದರು. ನಾನು ಕೇಳುತ್ತಿರುವುದೇನೆಂದು ನನಗೆ ಗೊತ್ತಿತ್ತು. ಆದರೂ ಕಣ್ಣು ಕೆಳಗಿಳಿಸಲಿಲ್ಲ.

"ನಾ ಎಲ್ಲಿ ಕುಂದರಲಿ?" ಎಂದರು ಕೊನೆಗೆ.

"ನೆಲದ ಮ್ಯಾಲ. ನಾ ಕುಂತಲ್ಲೇ."

ಆ ರಾತ್ರಿ ಅತ್ತೆ ಊಟಕ್ಕೂ ಮಣೆಯಿಂದ ಇಳಿಯಲಿಲ್ಲ, ತಾಟನ್ನು ಅಲ್ಲಿಗೇ ಕೊಟ್ಟೆ. "ಎಷ್ಟರ ಧೈರ್ಯ ನಿನಗ," ಎಂದಳು ಕಸ್ತೂರಿ ಪಿಸುಮಾತಿನಲ್ಲಿ. "ನನಗ ಬ್ಯಾಡವ್ವಾ ಹಗ್ಗ, ಬಿಟ್ಟುಬಿಡು." ಬಿಡುವುದಿಲ್ಲ ಎಂದೆ.

ಬೆಳಿಗ್ಗೆ ಕಸ ಗುಡಿಸಲು ಬಂದರೆ ಜೋಕಾಲಿ ಖಾಲಿಯಿತ್ತು. ಅತ್ತೆ ಗೋಡೆಗೊರಗಿ, ಕಂಬಳಿಯನ್ನು ಮಡಚಿ ಹಾಕಿಕೊಂಡು, ನೆಲದ ಮೇಲೆ ಕೂತಿದ್ದರು. ತಮ್ಮ ಹಳೆಯ ಸೀರೆಯ ಅಂಚು ಹರಿದು ಉದ್ದನೆಯ ಪಟ್ಟಿ ಮಾಡಿ ಮಣೆಗೆ ಕಟ್ಟಿದ್ದರು, ತೊಟ್ಟಿಲಿಗೆ ಕಟ್ಟುವ ಹಾಗೆ. ಅದರ ತುದಿ ಅವರ ಕೈಯಲ್ಲಿತ್ತು.

"ಏನ್ ನೋಡ್ತೀ? ತಂದು ಇಡು. ನಡುವ ಇಡು, ಜಾರೀತು."

ಮಣೆಯ ಮೇಲೆ ಒಳಕೋಣೆಯ ಮೂರೂ ಬುಟ್ಟಿ ಹಿಡಿದವು, ಹೊಸ್ತಿಲಿನದು ಅಲ್ಲೇ ಉಳಿಯಿತು. ಅತ್ತೆ ಪಟ್ಟಿ ಎಳೆದರು, ಬಿಟ್ಟರು. ಸಸಿಗಳು ಮೊದಲು ಹೆದರಿದಂತೆ ನಡುಗಿ, ಆಮೇಲೆ ಸಾಲಾಗಿ ಒಂದು ಕಡೆಗೆ ಬಾಗಿ, ಸಾಲಾಗಿ ಇನ್ನೊಂದು ಕಡೆಗೆ ಬಾಗಿದವು. ಸಂಜೆಗೆ ಮಣ್ಣಿನ ಮೇಲಿನ ಕಪ್ಪು ಆರಿ ಬೂದು ಬಣ್ಣಕ್ಕೆ ತಿರುಗಿತು. ಆಮೇಲೂ ಒಂದಷ್ಟು ಸಸಿ ಒರಗಿದವು. ಅವಕ್ಕೆ ಮೊದಲೇ ತಗುಲಿತ್ತು. ಅಷ್ಟಕ್ಕೇ ನಿಂತಿತು.

ಸುದ್ದಿ ತಿಳಿದು ತಂಗೆವ್ವ ಬಂದಳು. ನೆಲದ ಮೇಲೆ ಕೂತ ಅತ್ತೆಯನ್ನೂ ಜೋಕಾಲಿ ಆಡುವ ಬುಟ್ಟಿಗಳನ್ನೂ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಯವ್ವಾ, ಮನೀ ಯಜಮಾನತಿ ನೆಲಕ್ಕ, ಭಂಗಿ ಮಣೀ ಮ್ಯಾಲ! ಸೊಪ್ಪು ತಿಂದವರು ಯಾರು, ಅತ್ತಿಯೋ ಸೊಸಿಯೋ?"

"ನಿನ್ನ ಸಸಿ ಹ್ಯಾಂಗದಾವ?" ಎಂದರು ಅತ್ತೆ, ಪಟ್ಟಿ ಎಳೆಯುತ್ತಲೇ.

ತಂಗೆವ್ವನ ನಗು ಇಳಿಯಿತು. "ಕೊಳತಾವ್ರಿ ಆಯಿ."

"ಹಂಗಾದ್ರ ಸುಮ್ಮನ ನೋಡು. ನೋಡಿ ಮನೀಗೆ ಹೋಗಿ ನಿಮ್ಮತ್ತೀನ ಕೆಳಗ ಇಳಸು."

ಆ ದಿನಗಳಲ್ಲಿ ಮಧ್ಯಾಹ್ನದ ಕೆಲಸ ಮುಗಿಸಿ ನಾನು ಅತ್ತೆಯ ಪಕ್ಕ ಕೂತು ಅವರಿಗೆ ಬೀಸಲು ಹೋಗುತ್ತಿದ್ದೆ. ಜೋಕಾಲಿ ಕಿತ್ತುಕೊಂಡವಳ ಲೆಕ್ಕದಲ್ಲಿ ಅದು ನನ್ನ ಕರ್ತವ್ಯವೆಂದುಕೊಂಡಿದ್ದೆ. ಒಂದು ದಿನ ಅವರು ಬೀಸಣಿಗೆಯನ್ನು ಸರಿಸಿದರು. "ಬಿಡು. ಬುಟ್ಟಿ ಗಾಳಿ ನನಗೂ ಬರತೈತಿ. ನಿನಗೂ ಬಂದೀತು, ಈ ಕಡೆ ಸರಿ." ಸರಿದೆ. ಮಣೆ ಬಂತು, ಹೋಯಿತು. ಹಸಿ ಭಂಗಿಯ ಘಾಟು ವಾಸನೆ ಬಂತು, ಹೋಯಿತು.

"ನೀ ಬಾವಿಯಿಂದ ಓಡಿ ಬರತಿದ್ದೆಲ್ಲ," ಎಂದರು ಅತ್ತೆ, ನನ್ನತ್ತ ನೋಡದೆ. "ನೀರು ಚೆಲ್ಲಿದ್ದಕ್ಕ ಬೈತಿದ್ದೆ. ಯಾಕ ಓಡತಿ ಅನ್ನೂದು ನನಗ ಗೊತ್ತಿತ್ತು."

"ಗೊತ್ತಿತ್ರಿ?"

"ಹೆಣ್ಣಲ್ಲೇನ ನಾ? ಗೊತ್ತಿತ್ತು. ಗೊತ್ತೈತಿ ಅಂದಿದ್ರ ಮಣೀ ಬಿಟ್ಟು ಇಳೀಬೇಕಾಗತಿತ್ತು." ಅವರು ಪಟ್ಟಿಯನ್ನು ಇನ್ನಷ್ಟು ಜೋರಾಗಿ ಎಳೆದರು.

ಕ್ಷಮಿಸಲು ನನಗೆ ಅವಸರವಿರಲಿಲ್ಲ, ಅವರೂ ಕೇಳಿರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನೊಳಗೆ ಬಹಳ ವರ್ಷಗಳಿಂದ ಆರದೆ ಉಳಿದಿದ್ದ ಒದ್ದೆಯೊಂದು ಅಂಚಿನಿಂದ ಒಣಗತೊಡಗಿದ್ದು ತಿಳಿಯಿತು.

ಸಸಿಗಳು ಗೇಣುದ್ದವಾಗಿ ಹಿತ್ತಲಿಗೆ ಇಳಿದವು. ಆಳೆತ್ತರ ಬೆಳೆದವು. ಹೂವಿನ ಕಾಲಕ್ಕೆ ಕಸ್ತೂರಿ ಗಂಡು ಗೊಂಚಲು ಹಿಡಿದು ಹೆಣ್ಣು ಗಿಡಗಳ ಮೇಲೆ ಕೊಡವಿ, ತಲೆತುಂಬ ಹಳದಿ ಧೂಳು ಹೊತ್ತು ಬಂದಳು. ಕೊಯ್ದು, ಹೊಂಡದಲ್ಲಿ ಕೊಳೆಹಾಕಿ, ಬಡಿದು, ನಾರು ಸುಲಿದೆವು. ಕೊಳೆಯಬೇಕಾದದ್ದು ಆಗ ಕೊಳೆಯಿತು. ಅತ್ತೆ, ನಾನು, ಕಸ್ತೂರಿ ಮೂವರೂ ಕೂತು ಹಗ್ಗ ಹೊಸೆದೆವು. ಅವಳು ಬಂಡಿ ಹತ್ತುವ ದಿನ ಆ ಹಗ್ಗದ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅತ್ತು ಕೆಂಪಾದ ಕಣ್ಣಲ್ಲೇ ನನ್ನನ್ನು ಹತ್ತಿರ ಕರೆದಳು. "ನನಗೇನರ ಹೇಳವ್ವಾ. ಎಲ್ಲಾರವ್ವಂದಿರೂ ಹೇಳ್ತಾರ."

"ಸಾವಕಾಶ ನಡಿ," ಎಂದೆ.

ಮಗಳು ಹೋದ ಮೇಲೆ ಹಿತ್ತಲಿನ ಕಂಬದ ಮೇಲೆ ಇನ್ನೂ ನಾರು ಉಳಿದಿತ್ತು. ಈ ಮನೆಯಲ್ಲಿ ಯಾವತ್ತೂ ಅಷ್ಟು ಸಸಿ ಬದುಕಿರಲಿಲ್ಲ. ಅದನ್ನು ಯಾರನ್ನೂ ಕೇಳದೆ ಹೊಸೆಯಲು ಕೂತೆ. ತಂಗೆವ್ವ ಬಂದು ಬೀಜ ಇಸಿದುಕೊಂಡಳು, ನನ್ನ ಕೈ ನೋಡಿದಳು. "ಇದು ಯಾರಿಗೆ? ನಿನಗ ಇನ್ನೊಬ್ಬ ಮಗಳಿಲ್ಲಲ್ಲ."

"ನನಗಽ."

"ತವರಿಂದ ಬರಬೇಕಲ್ಲ ಹಗ್ಗ?"

"ತವರಿಗೆ ಹೇಳಿ ಕಳಿಸಿದ್ದೆ. ನೀನಽ ಮಾಡ್ಕೋ ಅಂದ್ರು," ಎಂದೆ. ಅವ್ವ ಸತ್ತು ಎಷ್ಟೋ ವರ್ಷವಾಗಿದ್ದು ತಂಗೆವ್ವನಿಗೆ ಗೊತ್ತಿತ್ತು. ಅವಳು ಹಗ್ಗದ ಇನ್ನೊಂದು ತುದಿ ಹಿಡಿದು ತಿರುವಿಕೊಟ್ಟಳು.

ಅತ್ತೆ ತಮ್ಮ ಜೋಕಾಲಿಗೆ ಮರಳಿದ್ದರು. ನಾನು ಅವರ ಎದುರಿನ ತೊಲೆಗೆ ಏಣಿ ಹಾಕಿ ನನ್ನ ಹಗ್ಗವನ್ನು ಬಿಗಿಯುವಾಗ ನೋಡುತ್ತಿದ್ದರು. ಹಗ್ಗ ಯಾವ ಮನೆಯದೆಂಬ ಮಾತು ಬರುತ್ತದೆಂದು ನಾನು ಉತ್ತರ ಹಿಡಿದುಕೊಂಡೇ ಇದ್ದೆ. ಮಣೆ ಕಟ್ಟಿದ ಮೇಲೆ ಅವರು ಕತ್ತು ಓರೆ ಮಾಡಿದರು.

"ಎತ್ತರ ಆತು. ನಿನ್ನ ಕಾಲು ನೆಲಕ್ಕ ಹತ್ತೂದಿಲ್ಲ. ಒಂದು ಗೇಣು ಇಳಸು."

ಇಳಿಸಿ ಕಟ್ಟಿ, ಕೂತು ನೆಲ ಒದ್ದೆ. ನಾನು ಹಿಂದಕ್ಕೆ ಹೋದಾಗ ಅವರು ಹಿಂದಕ್ಕೆ, ನಾನು ಮುಂದಕ್ಕೆ ಬಂದಾಗ ಅವರೂ ಮುಂದಕ್ಕೆ. ಪಡಸಾಲೆಯ ನಡುವೆ ಎರಡೂ ಗಾಳಿ ಸೇರಿ, ನನ್ನದು ಅವರ ಬಿಳಿಗೂದಲನ್ನು ಎತ್ತಿತು, ಅವರದು ನನ್ನ ಸೆರಗನ್ನು ಎತ್ತಿತು. ಹಿರಿಯರ ಗಾಳಿ ಕಿರಿಯಳಿಗೆ ತಾಗುತ್ತಿದೆ ಎಂಬುದು ಇಬ್ಬರಿಗೂ ಕಾಣುತ್ತಿತ್ತು. ಅತ್ತೆ ನೆಲ ಒದೆಯುವುದನ್ನು ನಿಲ್ಲಿಸಲಿಲ್ಲ.

ಈಗಲೂ ನಾನು ದಿನಾ ಬಾವಿಗೆ ಹೋಗುತ್ತೇನೆ. ಬರುವಾಗ ದಾರಿಯಲ್ಲಿ ಸಿಕ್ಕವರ ಜೊತೆ ನಿಂತು ಮಾತಾಡುತ್ತೇನೆ. ಮನೆ ಮುಟ್ಟಿದಾಗ ಕೊಡ ಅಂಚಿನವರೆಗೆ ತುಂಬಿರುತ್ತದೆ.